ಕರಿಯುವುದೋ, ಹುರಿಯುವುದೋ, ಸುಡುವುದೋ

ಕಳೆದ ವರ್ಷದ ಆಯುಧಪೂಜೆಗೆ ನಮ್ಮ ನಡುಮನೆಯಲ್ಲಿ ಎಂದಿನ ಸಾಲು ಕುಳಿತಿತ್ತು: ಈಳಿಗೆಮಣೆ, ಕತ್ತರಿ, ಸುತ್ತಿಗೆ, ಮಿಕ್ಸಿ, ಅಮ್ಮನ ಹಳೆಯ ಹೊಲಿಗೆ ಯಂತ್ರ. ಸಾಲಿನ ಕೊನೆಯಲ್ಲಿ ಎರಡು ದಿನದ ಹಿಂದಷ್ಟೇ ಬಂದಿದ್ದ ಒಂದು ಕಪ್ಪು ಪೆಟ್ಟಿಗೆ. 82 ವರ್ಷದ ಅಮ್ಮ ಅದರ ಗಾಜಿನ ಬಾಗಿಲಿಗೆ ಅರಿಸಿನ ಕುಂಕುಮ ಇಟ್ಟು, ಹಿಡಿಕೆಗೆ ಒಂದು ಚೆಂಡುಹೂವು ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಕೇಳಿದಳು: "ಇದು ಕರಿಯುವುದೋ, ಹುರಿಯುವುದೋ?"

"ಏರ್ ಫ್ರೈಯರ್ ಅಮ್ಮ. ಓವನ್ನೂ ಹೌದು, ಟೋಸ್ಟರೂ ಹೌದು."

"ಅದು ಹೆಸರಾಯಿತು. ನಾನು ಕೇಳಿದ್ದು ಕೆಲಸ."

ಉತ್ತರ ನನ್ನಲ್ಲಿರಲಿಲ್ಲ. ಮೂರು ವಾರ ಅಂಗಡಿ ಅಂಗಡಿ ಅಲೆದು, ರಾತ್ರಿ ಹನ್ನೊಂದರವರೆಗೆ ಮೊಬೈಲಿನಲ್ಲಿ ಮಾದರಿಗಳನ್ನು ತೂಗಿ ನೋಡಿ, 16 ಸಾವಿರ ರೂಪಾಯಿ ಸುರಿದು ತಂದ ವಸ್ತು. ಆದರೂ ಈ ಪ್ರಶ್ನೆಯನ್ನು ನಾನೂ ಕೇಳಿಕೊಂಡಿರಲಿಲ್ಲ, ಅಂಗಡಿಯವನನ್ನೂ ಕೇಳಿರಲಿಲ್ಲ. ಇಂಗ್ಲಿಷಿನ 'ಫ್ರೈ' ಎಂಬ ಒಂದೇ ಮಾತಿನ ಚೀಲದೊಳಗೆ ನಮ್ಮ ಎರಡು ಮೂರು ಕೆಲಸಗಳು ತುರುಕಿಕೊಂಡಿರುತ್ತವೆ. ನಮ್ಮ ಅಡುಗೆಮನೆಯಲ್ಲಿ ಹಾಗಿಲ್ಲ. ಸಂಡಿಗೆಯನ್ನು ಕರಿಯುತ್ತೇವೆ, ರವೆಯನ್ನು ಹುರಿಯುತ್ತೇವೆ, ಬದನೆಕಾಯಿಯನ್ನು ಸುಡುತ್ತೇವೆ, ಸೊಪ್ಪನ್ನು ಬಾಡಿಸುತ್ತೇವೆ. ಕರಿಯುವುದೆಂದರೆ ಪದಾರ್ಥ ಎಣ್ಣೆಯಲ್ಲಿ ಮುಳುಗಬೇಕು. ಯಾರಾದರೂ "ಇವತ್ತು ಬಜ್ಜಿ ಹುರಿದೆ" ಎಂದರೆ ಅವರಿಗೆ ಅಡುಗೆ ಬರುವುದಿಲ್ಲ ಎಂದು ಒಂದೇ ಮಾತಿನಲ್ಲಿ ತಿಳಿಯುತ್ತದೆ. ಅಮ್ಮನ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿದ್ದರೆ ಒಂದು ತಿಂಗಳಿನ ಪೇಚಾಟ, ಎರಡು ಬಟ್ಟಲು ಕಡಲೆಹಿಟ್ಟು ಮತ್ತು ಗೋಡೆಯ ಒಂದು ಸಾಕೆಟ್ಟು ಉಳಿಯುತ್ತಿದ್ದವು.

ಕೊಂಡದ್ದಕ್ಕೆ ಕಾರಣ ಎಲ್ಲರ ಮನೆಯದೇ. ನನ್ನ ರಕ್ತ ಪರೀಕ್ಷೆಯ ಹಾಳೆಯಲ್ಲಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬಿನ ಸಾಲಿನ ಮುಂದೆ ದಪ್ಪಕ್ಷರ ಕಾಣಿಸಿತು. "ಕರಿದದ್ದು ಬಿಡಿ" ಎಂದು ವೈದ್ಯರು ಹೇಳಿದರು. "ಅಪ್ಪಾ, ಒಂದು ಏರ್ ಫ್ರೈಯರ್ ತಗೊಳ್ಳಿ, ಎಲ್ಲವನ್ನೂ ಎಣ್ಣೆಯಿಲ್ಲದೆ ಮಾಡಬಹುದು" ಎಂದು ಪುಣೆಯಿಂದ ಮಗಳು ಹೇಳಿದಳು. ವೈದ್ಯರು ಬಿಡಿ ಎಂದರು, ಮಗಳು ಬಿಡಬೇಕಾಗಿಲ್ಲ ಎಂದಳು. ನಾನು ಯಾರ ಮಾತು ಕೇಳಿದೆ ಎಂದು ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಎರಡು ಜಾತಿಗಳಿದ್ದವು. ಒಂದು, ಮೊಟ್ಟೆಯಾಕಾರದ, ಮುಂದೆ ಖಾನೆಯಂತೆ ಎಳೆಯುವ ಬುಟ್ಟಿಯದ್ದು. ಇನ್ನೊಂದು, ನಾವು ಇಷ್ಟು ವರ್ಷ ಓಟಿಜಿ (ಓವನ್, ಟೋಸ್ಟರ್, ಗ್ರಿಲ್) ಎಂದು ಕರೆಯುತ್ತಿದ್ದ ಪೆಟ್ಟಿಗೆಗೇ ಜೋರಾದ ಫ್ಯಾನು ಕೂಡಿಸಿದ್ದು. ಬುಟ್ಟಿಯದ್ದು ಚಿಕ್ಕ ಜಾಗದಲ್ಲಿ ಗಾಳಿಯನ್ನು ರಭಸವಾಗಿ ತಿರುಗಿಸುತ್ತದೆ, ಬೇಗ ಕಾಯುತ್ತದೆ, ಇಬ್ಬರಿಗೆ ಸಾಕು. ಆದರೆ ಒಳಗೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಬ್ರೆಡ್ಡು ಎರಡೇ ತುಂಡು ಹಿಡಿಯುತ್ತದೆ. ಪೆಟ್ಟಿಗೆಯದ್ದರಲ್ಲಿ ಗಾಜಿನ ಬಾಗಿಲಿದೆ, ದೀಪವಿದೆ, ಆರು ತುಂಡು ಬ್ರೆಡ್ಡು ಒಟ್ಟಿಗೆ ಕೂರುತ್ತದೆ, ಕೇಕಿನ ತಟ್ಟೆ ಹೋಗುತ್ತದೆ. ಒಳಗಿನ ಜಾಗ ದೊಡ್ಡದಾದ್ದರಿಂದ ಗಾಳಿಯ ಬಿರುಸು ಸ್ವಲ್ಪ ಕಡಿಮೆ, ಅದೇ ಕೆಲಸಕ್ಕೆ ನಾಲ್ಕೈದು ನಿಮಿಷ ಹೆಚ್ಚು. ನಾನು ಪೆಟ್ಟಿಗೆಯದನ್ನೇ ಆರಿಸಿದೆ. ಗಾಜಿನ ಬಾಗಿಲೇ ಕಾರಣ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅಡುಗೆ ಕಲಿಯುವವನಿಗೆ ಕಣ್ಣಿಗೆ ಕಾಣುವ ಒಲೆ ಬೇಕು.

ಅಂಗಡಿಯ ಹುಡುಗ ಲೀಟರಿನ ಲೆಕ್ಕ ಹೇಳುತ್ತಲೇ ಇದ್ದ. ಇದು 19 ಲೀಟರು, ಅದು 23, ಆಚೆಯದು 30. ಓವನ್ನಿನಲ್ಲಿ ಯಾರು ನೀರು ತುಂಬಿಸುತ್ತಾರೆ? ಲೀಟರು ಎಷ್ಟಾದರೂ ಇರಲಿ, ಒಳಗಿನ ತಟ್ಟೆಯ ಉದ್ದಗಲ ಎಷ್ಟು, ಕೆಳಗಿನ ಕಂಬಿಯಿಂದ ಮೇಲಿನ ಕಂಬಿಗೆ ಎತ್ತರ ಎಷ್ಟು ಎಂಬುದು ಮುಖ್ಯ. ಮನೆಯಲ್ಲಿದ್ದ ಎಂಟು ಇಂಚಿನ ಕೇಕಿನ ಪಾತ್ರೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಒಳಗಿಟ್ಟು ನೋಡಿದೆ. ಹುಡುಗ ಮುಖ ತಿರುಗಿಸಿ ನಕ್ಕ. ನಗಲಿ. 23 ಲೀಟರು ಎಂದು ಬರೆದುಕೊಂಡಿದ್ದ ಒಂದು ಮಾದರಿಯಲ್ಲಿ ಆ ಪಾತ್ರೆ ಬಾಗಿಲು ಮುಚ್ಚಲು ಬಿಡಲೇ ಇಲ್ಲ.

ಇನ್ನು ಅಡುಗೆ ಕಟ್ಟೆ. ನಮ್ಮದು ಕಡಪ ಕಲ್ಲಿನ ಹಳೆಯ ಕಟ್ಟೆ, ಎರಡು ಅಡಿ ಅಗಲ. ಮೇಲೆ ಗ್ಯಾಸ್ ಒಲೆ, ಮಿಕ್ಸಿ, ನೀರಿನ ಫಿಲ್ಟರು, ಕಾಫಿ ಫಿಲ್ಟರು, ಉಪ್ಪಿನಕಾಯಿ ಜಾಡಿಗಳು. ಈ ಪೆಟ್ಟಿಗೆಗಳ ಹಿಂದೆ ಮತ್ತು ಎರಡೂ ಪಕ್ಕದಲ್ಲಿ ಒಂದು ಗೇಣಿನಷ್ಟಾದರೂ ಜಾಗ ಬಿಡಬೇಕು, ಮೇಲೆ ಏನನ್ನೂ ಪೇರಿಸಬಾರದು. ಬಿಸಿಗಾಳಿ ಹೊರಗೆ ಹೋಗಬೇಕಲ್ಲ. ಉಪ್ಪಿನಕಾಯಿ ಜಾಡಿಗಳನ್ನು ಎತ್ತಿಸಲು ಹೆಂಡತಿಯೊಡನೆ ನಡೆಸಿದ ಮಾತುಕತೆ ಕಾವೇರಿ ಮಾತುಕತೆಯಷ್ಟು ಉದ್ದವಾಯಿತು. ಇಲ್ಲಿ ವಿವರಿಸುವುದಿಲ್ಲ.

ನಾನು ಯಾವ ಲೆಕ್ಕಕ್ಕೂ ತೆಗೆದುಕೊಳ್ಳದೆ ಬಿಟ್ಟದ್ದು ಪ್ಲಗ್ಗನ್ನು. ಪೆಟ್ಟಿಗೆಯ ಹಿಂದೆ 1800 ವ್ಯಾಟ್ ಎಂದು ಬರೆದಿತ್ತು. ನಮ್ಮ 230 ವೋಲ್ಟಿಗೆ ಭಾಗಿಸಿದರೆ ಎಂಟು ಆಂಪಿಯರಿಗೆ ಸ್ವಲ್ಪ ಕಡಿಮೆ. ಗೋಡೆಯ ಚಿಕ್ಕ ಸಾಕೆಟ್ಟು ತಾಳಿಕೊಳ್ಳುವುದು ಆರು ಆಂಪಿಯರು, ಎಂದರೆ 1380 ವ್ಯಾಟು. ಅದಕ್ಕೇ ಈ ಯಂತ್ರಗಳಿಗೆ ದಪ್ಪ ಕಡ್ಡಿಯ, 16 ಆಂಪಿಯರಿನ ಪ್ಲಗ್ಗು ಕೊಟ್ಟಿರುತ್ತಾರೆ. ನಮ್ಮ ಅಡುಗೆಮನೆಯ ಏಕೈಕ ದೊಡ್ಡ ಸಾಕೆಟ್ಟು ಫ್ರಿಜ್ಜಿನ ಬೆನ್ನಿಗಿತ್ತು. ನಾನು ಜಾಣ. ದೊಡ್ಡ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಹೊಂದಿಸುವ ಒಂದು ಬಿಳಿ ಗುಬಟನ್ನು ಬೀದಿಯ ಕೊನೆಯ ಅಂಗಡಿಯಲ್ಲಿ ತಂದು ಸಿಕ್ಕಿಸಿದೆ. ನಾಲ್ಕನೆಯ ದಿನ ಕೇಕಿನ ವಾಸನೆಯೂ ಅಲ್ಲದ, ಬ್ರೆಡ್ಡಿನ ವಾಸನೆಯೂ ಅಲ್ಲದ, ಸುಟ್ಟ ಬಳೆಯಂಥ ಒಂದು ವಾಸನೆ ಬಂತು. ನೋಡಿದರೆ ಬಿಳಿ ಗುಬಟು ಕಂದಾಗಿ, ಒಂದು ಬದಿ ಮೇಣದಂತೆ ಇಳಿದಿತ್ತು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ಟಿನ ಮುಚ್ಚಳ ಬಿಚ್ಚಿ, ಒಳಗಿನ ಕಪ್ಪಾದ ತಂತಿಯ ತುದಿಯನ್ನು ನನಗೆ ತೋರಿಸಿ, "ಪುಣ್ಯ ಮಾಡಿದ್ದೀರಿ ಸಾರ್" ಎಂದಷ್ಟೇ ಹೇಳಿದ. ದೀಪ ಫ್ಯಾನುಗಳಿಗೆಂದು ಎಳೆದ ಸಣ್ಣ ತಂತಿಯನ್ನು ಬಿಟ್ಟು, ಮೀಟರ್ ಪೆಟ್ಟಿಗೆಯಿಂದ ಬೇರೆಯದೇ ದಪ್ಪ ತಂತಿ ಎಳೆದು ಹೊಸ ಸಾಕೆಟ್ಟು ಕೂರಿಸಿಕೊಟ್ಟ. ಹಾಗಾಗಿ ಓವನ್ನಿನ ಬೆಲೆ ಕೇಳಿದವರಿಗೆ ನಾನು ಆ ಖರ್ಚನ್ನೂ ಸೇರಿಸಿಯೇ ಹೇಳುತ್ತೇನೆ.

ವಿದ್ಯುತ್ತಿನ ಇನ್ನೊಂದು ಲೆಕ್ಕ ಕರ್ನಾಟಕದವರಿಗೆ ಮಾತ್ರ ಅರ್ಥವಾಗುವಂಥದು. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗ ಪ್ರತಿ ಮನೆಗೂ ಒಂದು ಗೆರೆ ಎಳೆದರು: 2022-23ರ ತಿಂಗಳ ಸರಾಸರಿ, ಅದರ ಮೇಲೆ ಶೇಕಡ 10, ಒಟ್ಟು 200 ಯೂನಿಟ್ ಮೀರದಂತೆ. ನಮ್ಮ ಸರಾಸರಿ 118 ಇತ್ತು. ಹತ್ತು ಶೇಕಡ ಸೇರಿ ಸುಮಾರು 130. ಎರಡು ವರ್ಷ ಸೊನ್ನೆ ಬಿಲ್ಲು ನೋಡಿ ರೂಢಿಯಾಗಿದ್ದ ಮನೆಗೆ ಓವನ್ ಬಂದ ಮೊದಲ ತಿಂಗಳು 137 ಬಂತು. ಆ ಏಳು ಯೂನಿಟ್ಟಿನ ಹಣ ಒಂದು ಮಸಾಲೆ ದೋಸೆಯ ಬೆಲೆಯೂ ಆಗಲಿಲ್ಲ. ಆದರೆ ಬಿಲ್ಲಿನಲ್ಲಿ ಸೊನ್ನೆ ಕಾಣದ ದುಃಖವನ್ನು ಹಣದಲ್ಲಿ ಅಳೆಯಲಾಗುವುದಿಲ್ಲ. ಬಿಲ್ಲು ಹಿಡಿದುಕೊಂಡು ಹೆಂಡತಿ ಓವನ್ನಿನ ಕಡೆಗೆ ನೋಡಿದ ನೋಟ ಹಾಗಿತ್ತು.

ಇರಲಿ, ಅಡುಗೆಗೆ ಬರುತ್ತೇನೆ. ಹೊಸ ಓವನ್ನನ್ನು ಮೊದಲು ಖಾಲಿಯಾಗಿಯೇ, ಪೂರ್ತಿ ಉರಿಯಲ್ಲಿ, ಕಿಟಕಿ ತೆರೆದಿಟ್ಟು ಕಾಲು ಗಂಟೆ ಕಾಯಿಸಬೇಕು. ಕಾರ್ಖಾನೆಯ ಎಣ್ಣೆ ಜಿಡ್ಡು ಹೊಗೆಯಾಗಿ ಹೋಗುತ್ತದೆ. ಆಮೇಲೆ ನಾನು ಮಾಡಿದ ಎರಡು ಪರೀಕ್ಷೆಗಳು, ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಎರಡೇ ಬುದ್ಧಿವಂತಿಕೆಯ ಕೆಲಸಗಳು.

ಮೊದಲನೆಯದು ಬ್ರೆಡ್ಡಿನದು. ಕಂಬಿ ತಟ್ಟೆಯ ತುಂಬ ಬ್ರೆಡ್ ತುಂಡುಗಳನ್ನು ಮಗ್ಗುಲಿಗೆ ಮಗ್ಗುಲು ಜೋಡಿಸಿ, ತಿರುವದೆ, ಮುಟ್ಟದೆ ಐದು ನಿಮಿಷ ಬಿಟ್ಟೆ. ಹೊರಗೆ ತೆಗೆದಾಗ ಅದು ನನ್ನ ಓವನ್ನಿನ ನಕ್ಷೆಯಾಗಿತ್ತು. ಬಲ ಹಿಂಭಾಗದ ತುಂಡಿನ ಒಂದು ಮೂಲೆ ಇದ್ದಿಲು, ನಡುವಿನವು ಜೇನಿನ ಬಣ್ಣ, ಎಡ ಮುಂಭಾಗದ್ದು ಆಗ ತಾನೇ ಪೊಟ್ಟಣದಿಂದ ತೆಗೆದಷ್ಟು ಬೆಳ್ಳಗೆ. ಫ್ಯಾನು ಬಲಗಡೆ ಇತ್ತು. ಅಂದಿನಿಂದ ಯಾವುದನ್ನು ಮಾಡಿದರೂ ಅರ್ಧ ಹೊತ್ತಿಗೆ ತಟ್ಟೆಯನ್ನು ತಿರುಗಿಸಿಡುತ್ತೇನೆ.

ಎರಡನೆಯದು ಸಕ್ಕರೆಯದು. ಸಕ್ಕರೆ ಕರಗುವುದು 186 ಡಿಗ್ರಿಯ ಸುಮಾರಿಗೆ. ಅಲ್ಯುಮಿನಿಯಂ ಹಾಳೆಯನ್ನು ದೊನ್ನೆ ಮಾಡಿ, ಒಂದು ಚಮಚ ಸಕ್ಕರೆ ಹಾಕಿ, ಓವನ್ನಿನ ಮುಳ್ಳನ್ನು 170ಕ್ಕೆ ತಿರುಗಿಸಿ ಕಾಲು ಗಂಟೆ ಇಟ್ಟೆ. ಹರಳು ಹರಳಾಗಿಯೇ ಇತ್ತು. 180ಕ್ಕೆ ಇಟ್ಟೆ. ಇನ್ನೂ ಕರಗಬಾರದು. ಗಾಜಿಗೆ ಮೂಗು ಒತ್ತಿ ಕುಳಿತಿದ್ದೆ. ಏಳನೆಯ ನಿಮಿಷಕ್ಕೆ ಅಂಚಿನ ಹರಳುಗಳು ಒದ್ದೆಯಾದಂತೆ ಹೊಳೆದವು, ಹತ್ತನೆಯ ನಿಮಿಷಕ್ಕೆ ದೊನ್ನೆಯ ಒಂದು ಮೂಲೆಯಲ್ಲಿ ಬೆಲ್ಲದ ಪಾಕದಂಥ ತೊಟ್ಟು ನಿಂತಿತು. ಎಂದರೆ ನನ್ನ ಯಂತ್ರ 180 ಎಂದು ಹೇಳಿ ಅದಕ್ಕಿಂತ ಹೆಚ್ಚು ಕಾಯುತ್ತದೆ. ಕೇಕು ಮೊದಲ ಸಲ ನೆತ್ತಿ ಒಡೆದು ಕಪ್ಪಾದದ್ದು ಏಕೆಂದು ಆಗ ತಿಳಿಯಿತು. ಸಾಮಾನ್ಯ ಓವನ್ನಿನ ಪಾಕವಿಧಾನವನ್ನು ಫ್ಯಾನಿನ ಓವನ್ನಿನಲ್ಲಿ ಮಾಡುವಾಗ ಹೇಗಿದ್ದರೂ 20 ಡಿಗ್ರಿ ಇಳಿಸಬೇಕು. ನಾನು 30 ಇಳಿಸುತ್ತೇನೆ.

ಇಷ್ಟೆಲ್ಲ ಶಾಸ್ತ್ರವಾದ ಮೇಲೆ ಮೊದಲು ಮಾಡಿದ್ದೇನು? ಬಜ್ಜಿ. ಮಳೆ ಹನಿಯುತ್ತಿದ್ದ ಸಂಜೆ, ಬಾಳೆಕಾಯಿ ಹೆಚ್ಚಿ, ಕಡಲೆಹಿಟ್ಟು ಕಲಸಿ, ಅದ್ದಿ ಅದ್ದಿ ಜಾಲರಿಯ ಮೇಲಿಟ್ಟೆ. ಹಿಟ್ಟು ಜಾಲರಿಯ ಕಿಂಡಿಗಳಿಂದ ನಿಧಾನವಾಗಿ ಕೆಳಗಿಳಿದು, ಚೂರು ಬೀಳುವ ತಟ್ಟೆಯಲ್ಲಿ ಹಳದಿ ಹನಿಗಳಾಗಿ ಒಣಗಿತು. ಮೇಲೆ ಉಳಿದದ್ದು ಅಂಗಿ ಕಳಚಿದ ಬಾಳೆಕಾಯಿ. ಕಾದ ಎಣ್ಣೆಯಾದರೆ ಹಿಟ್ಟನ್ನು ಎಲ್ಲ ಕಡೆಯಿಂದಲೂ ಒಂದೇ ಗಳಿಗೆಯಲ್ಲಿ ಅಪ್ಪಿಕೊಂಡು ಗಟ್ಟಿ ಮಾಡುತ್ತದೆ. ಗಾಳಿಗೆ ಆ ಕೈ ಇಲ್ಲ.

ಮರುವಾರ ಕೋಡುಬಳೆ. ಆಕಾರ ನಿಂತಿತು, ಬಣ್ಣವೂ ಬಂತು. ಬಾಯಿಗಿಟ್ಟಾಗ ಅಮ್ಮ ಏನೂ ಹೇಳದೆ ಅದನ್ನು ಮೇಜಿನ ಮೇಲೆ ಕುಟ್ಟಿದಳು. ಟಕ್ ಟಕ್ ಎಂದಿತು. ಕರಿಯುವಾಗ ಹಿಟ್ಟಿನೊಳಗಿನ ನೀರು ಗುಳ್ಳೆಗುಳ್ಳೆಯಾಗಿ ಹೊರಗೆ ಬಂದು, ಅದು ಬಿಟ್ಟ ಜಾಗಕ್ಕೆ ಎಣ್ಣೆ ಸೇರಿಕೊಳ್ಳುತ್ತದೆ. ಬಾಣಲೆಯಲ್ಲಿ ಏಳುವ ಗುಳ್ಳೆ ಎಂದರೆ ಆ ನೀರಾವಿಯೇ, ಎಣ್ಣೆ ಕುದಿಯುವುದಲ್ಲ. ಹಗುರ, ಗರಿಮುರಿ, ನಾಲಗೆಯ ಮೇಲೆ ಕರಗುವ ಗುಣ ಎಲ್ಲವೂ ಆ ಅದಲುಬದಲಿನದು. ಗಾಳಿಯ ಪೆಟ್ಟಿಗೆಯಲ್ಲಿ ನೀರು ಹೋಗುತ್ತದೆ, ಅದರ ಜಾಗಕ್ಕೆ ಯಾರೂ ಬರುವುದಿಲ್ಲ.

ಮತ್ತೆ ಹಪ್ಪಳ. ಅದರ ಕಥೆ ಹೇಳಲು ಈಗಲೂ ನಾಚಿಕೆ. ಎರಡೂ ಬದಿಗೆ ಎಣ್ಣೆ ಸವರಿ ಒಳಗಿಟ್ಟು ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಹಪ್ಪಳ ಎದ್ದಿತು. ಗಾಜಿನಾಚೆ ಅದು ಎರಡು ಸುತ್ತು ಹಾರಾಡಿ, ಮೇಲಿನ, ಕಾದು ಕೆಂಪಾಗುವ ತಂತಿಯ ಕಾಯಿಲಿಗೆ ಹೋಗಿ ಅಂಟಿಕೊಂಡು, ಒಂದು ಕ್ಷಣ ಸಣ್ಣ ದೀಪದಂತೆ ಹೊತ್ತಿಕೊಂಡು ಆರಿತು. ಗುಂಡಿ ಆರಿಸಿ ಪ್ಲಗ್ಗು ಕಿತ್ತೆ. ಬಾಗಿಲನ್ನು ಮಾತ್ರ ತೆರೆಯಲಿಲ್ಲ. ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆದು ಗಾಳಿ ಕೊಡಬಾರದು ಎಂದು ಕೈಪಿಡಿಯಲ್ಲಿ ಓದಿದ್ದೆ. ಈಗ ಹಪ್ಪಳದ ಮೇಲೆ ಇನ್ನೊಂದು ಕಂಬಿ ತಟ್ಟೆ ಬೋರಲು ಹಾಕುತ್ತೇನೆ. ನಿಜ ಹೇಳಬೇಕೆಂದರೆ, ಗ್ಯಾಸಿನ ಉರಿಯ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟರೆ ಅರ್ಧ ನಿಮಿಷದ ಕೆಲಸ.

ಯಂತ್ರದ ಹೆಸರಿನ ಬಗ್ಗೆ ಆಮೇಲೆ ಸ್ವಲ್ಪ ಓದಿದೆ. ಫ್ಯಾನು ಕೂಡಿಸಿದ ಓವನ್ ಹೊಸದೇನಲ್ಲ. 1940ರ ದಶಕದಲ್ಲೇ ಅಮೆರಿಕದ ವಿಲಿಯಂ ಮ್ಯಾಕ್ಸನ್ ಎಂಬವರು ವಿಮಾನದಲ್ಲಿ ಸೈನಿಕರಿಗೆ ಹೆಪ್ಪುಗಟ್ಟಿಸಿದ ಊಟ ಬಿಸಿ ಮಾಡಿಕೊಡಲು ಅಂಥದ್ದೊಂದನ್ನು ಮಾಡಿದ್ದರು. 'ಏರ್ ಫ್ರೈಯರ್' ಎಂಬ ಹೆಸರಿನ ಯಂತ್ರ ಜನಪ್ರಿಯವಾದದ್ದು 2010ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಮೇಳದಲ್ಲಿ ತನ್ನದನ್ನು ತೋರಿಸಿದ ಮೇಲೆ. ಅದರ ಹಿಂದೆ ಇದ್ದವರು ಫ್ರೆಡ್ ವಾನ್ ಡರ್ ವೇಯ್ ಎಂಬ ಡಚ್ಚರು. ಅವರಿಗೆ ಬೇಕಾಗಿದ್ದದ್ದು ಎಣ್ಣೆಯ ಬಾಣಲೆಯಿಲ್ಲದೆ ಗರಿಗರಿಯಾದ ಆಲೂಗಡ್ಡೆ ಫ್ರೈ. ಅವರ ಊರಿನ ಆಲೂಗಡ್ಡೆ ಫ್ರೈ ಮನೆಗೆ ಬರುವ ಹೊತ್ತಿಗೆ ಬಹಳ ಸಲ ಕಾರ್ಖಾನೆಯಲ್ಲೇ ಒಮ್ಮೆ ಕರಿದು ಹೆಪ್ಪುಗಟ್ಟಿಸಿದ್ದು. ಅದರೊಳಗೆ ಎಣ್ಣೆ ಆಗಲೇ ಇದೆ, ಗಾಳಿ ಬಿಸಿ ಮಾಡಿ ಒಣಗಿಸಿದರೆ ಸಾಕು. ಒಮ್ಮೆ ಕರಿದದ್ದನ್ನು ಮತ್ತೆ ಗರಿಗರಿ ಮಾಡುವುದೇ ಈ ಯಂತ್ರದ ಹುಟ್ಟುಗುಣ ಎಂದು ತಿಳಿದಾಗ ನನಗೆ ಮದ್ದೂರು ವಡೆ ನೆನಪಾಯಿತು.

ಬೆಂಗಳೂರಿನಿಂದ ರೈಲಿನಲ್ಲಿ ಬರುವಾಗ ಕೊಂಡು ತಂದು, ರಾತ್ರಿ ಕಳೆದು ರಬ್ಬರಾದ ಮದ್ದೂರು ವಡೆ. 160 ಡಿಗ್ರಿ, ನಾಲ್ಕು ನಿಮಿಷ, ಎಣ್ಣೆಯ ಹನಿಯೂ ಬೇಡ. ಅಂಚು ಮುರಿದಾಗ ಸದ್ದು ಬಂತು, ಈರುಳ್ಳಿಯ ವಾಸನೆ ಎದ್ದಿತು. ನಿನ್ನೆಯ ಅಂಬೊಡೆ, ಬೇಕರಿಯಿಂದ ತಂದು ಮೆತ್ತಗಾದ ಪಫ್ಸು, ಖಾರಾ ಬನ್ನು, ಹಬ್ಬ ಮುಗಿದು ಡಬ್ಬದ ತಳದಲ್ಲಿ ಮೆತ್ತಗಾದ ಚಕ್ಕುಲಿ, ಎಲ್ಲಕ್ಕೂ ಜೀವ ಬರುತ್ತದೆ. ವೈದ್ಯರು ಕೇಳಿದರೆ ಈ ಪ್ಯಾರಾ ನಾನು ಬರೆದದ್ದಲ್ಲ.

ಹುರಿಯುವುದು ಎಂದುಕೊಂಡು ಹೊರಟ ಮೇಲೆ ದಾರಿ ಸಲೀಸಾಯಿತು. ಬೆಂಡೆಕಾಯಿಯನ್ನು ಬಾಣಲೆಯಲ್ಲಿ ಹುರಿಯಲು ಅರ್ಧ ಗಂಟೆ ಒಲೆಯ ಮುಂದೆ ನಿಂತು, ಲೋಳೆ ಹೋಗುವವರೆಗೆ ಸೌಟು ಆಡಿಸಬೇಕಾಗಿತ್ತು. ಈಗ ತೊಳೆದು, ಒರೆಸಿ, ಉದ್ದಕ್ಕೆ ಸೀಳಿ, ಒಂದೇ ಚಮಚ ಎಣ್ಣೆ ಸವರಿ 190ರಲ್ಲಿ ಕಾಲು ಗಂಟೆ. ಉಪ್ಪು ಕೊನೆಯಲ್ಲಿ. ಮೊದಲೇ ಹಾಕಿದರೆ ನೀರು ಬಿಟ್ಟುಕೊಂಡು ಬೇಯತೊಡಗುತ್ತದೆ. ಹಾಗಲಕಾಯಿ, ಸುವರ್ಣಗೆಡ್ಡೆಗೂ ಇದೇ. ಕಡಲೆಬೀಜ 160ರಲ್ಲಿ ಹತ್ತು ಹನ್ನೆರಡು ನಿಮಿಷ, ನಡುವೆ ಒಮ್ಮೆ ಕೈಯಾಡಿಸಿ. ಸಿಪ್ಪೆ ಉದುರಿಸಿ, ಬಿಸಿ ಇರುವಾಗಲೇ ಇಂಗು, ಖಾರದಪುಡಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಬೆಂಗಳೂರಿನ ಬೇಕರಿಗಳ ಕಾಂಗ್ರೆಸ್ ಕಡಲೆಬೀಜವೇ. ರವೆ ಮಾತ್ರ ಬಾಣಲೆಯಲ್ಲೇ ಹುರಿಯಬೇಕು. ಅದರ ಕಾರಣ ಹಪ್ಪಳದ ಕಥೆ ಓದಿದವರಿಗೆ ತಿಳಿಯುತ್ತದೆ.

ಇದರೊಳಗೆ ಆಗುವುದು ಇಷ್ಟು. ಬಿಸಿ ಕಾಫಿಯನ್ನು ಊದಿದರೆ ಬೇಗ ಆರುತ್ತದೆ, ಏಕೆಂದರೆ ಲೋಟದ ಮೇಲೆ ನಿಂತ ಬಿಸಿ ಹಬೆಯನ್ನು ನಮ್ಮ ಉಸಿರು ತಳ್ಳಿಬಿಡುತ್ತದೆ. ಅದನ್ನೇ ತಿರುವಿ ಹಾಕಿ ನೋಡಿ. ತರಕಾರಿಯ ಸುತ್ತ ನಿಂತ ತಣ್ಣಗಿನ ತೇವದ ಪದರವನ್ನು ಬಿಸಿಗಾಳಿ ಉಜ್ಜಿ ಉಜ್ಜಿ ತೆಗೆಯುತ್ತದೆ. ಮೈಮೇಲೆ ನೀರು ಇರುವವರೆಗೆ ಯಾವ ಪದಾರ್ಥವೂ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಹುರಿದ ಘಮ ಹುಟ್ಟುವುದು ಸುಮಾರು 140 ದಾಟಿದ ಮೇಲೆ. ಆದ್ದರಿಂದಲೇ ತಟ್ಟೆ ತುಂಬ ರಾಶಿ ಹಾಕಿದರೆ ಬೆಂಡೆಕಾಯಿ ತನ್ನದೇ ಹಬೆಯಲ್ಲಿ ಬೆಂದು ಪಲ್ಯವಾಗುತ್ತದೆ. ಒಂದರ ಮೈ ಇನ್ನೊಂದಕ್ಕೆ ತಾಗದಂತೆ ಹರಡಬೇಕು. ಜಾಹೀರಾತಿನಲ್ಲಿ ಬುಟ್ಟಿ ತುಂಬಿ ತುಳುಕುತ್ತಿರುತ್ತದೆ. ಅದನ್ನು ನಂಬಬೇಡಿ.

ಆರೋಗ್ಯದ ಮಾತನ್ನೂ ಒಂದಿಷ್ಟು ಹೇಳಬೇಕು. ಎಣ್ಣೆ ಕಡಿಮೆಯಾದದ್ದು ನಿಜ. ಅದಕ್ಕಿಂತ ನನಗೆ ಸಮಾಧಾನ ತಂದದ್ದು ಬಾಣಲೆಯಲ್ಲಿ ಉಳಿಯುವ ಎಣ್ಣೆ ಇಲ್ಲವಾದದ್ದು. ಹಬ್ಬಕ್ಕೆ ಕರಿದ ಎಣ್ಣೆಯನ್ನು ಶೋಧಿಸಿಟ್ಟುಕೊಂಡು ವಾರಗಟ್ಟಲೆ ಒಗ್ಗರಣೆಗೆ ಬಳಸುವ ಮನೆ ನಮ್ಮದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕೆಡುತ್ತದೆ ಎಂದೇ 2018ರ ಜುಲೈನಿಂದ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಹೋಟೆಲು, ತಿಂಡಿ ಉದ್ಯಮಗಳಿಗೆ ಮಿತಿ ಹಾಕಿದೆ. ಎಣ್ಣೆಯಲ್ಲಿ ಕೆಟ್ಟ ಅಂಶ ಶೇಕಡ 25 ದಾಟಿದರೆ ಅದನ್ನು ಬಳಸುವಂತಿಲ್ಲ. ಮನೆಗಳಿಗೆ ಯಾರು ಬಂದು ಅಳೆಯುತ್ತಾರೆ? ಹಾಗೆಂದು ಗಾಳಿಯಲ್ಲಿ ಮಾಡಿದ್ದೆಲ್ಲ ಪಥ್ಯವಲ್ಲ. ಆಲೂಗಡ್ಡೆಯಂಥ ಪಿಷ್ಟದ ಪದಾರ್ಥಗಳನ್ನು 120 ಡಿಗ್ರಿಗೆ ಮೇಲೆ ಕಾಯಿಸಿದರೆ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುತ್ತದೆ ಎಂದು ಸ್ವೀಡನ್ನಿನವರು 2002ರಲ್ಲೇ ಹೇಳಿದರು. ಕಾಯಿಸಿದ್ದು ಎಣ್ಣೆಯೋ ಗಾಳಿಯೋ ಎಂದು ಅದು ನೋಡುವುದಿಲ್ಲ. ಹೊಂಬಣ್ಣಕ್ಕೆ ನಿಲ್ಲಿಸಿ, ಕಪ್ಪಾಗಿಸಬೇಡಿ.

ಸುಡುವುದಕ್ಕೆ ನನ್ನನ್ನು ತಂದು ನಿಲ್ಲಿಸಿದವಳು ಅಮ್ಮ. ಒಂದು ದಿನ ಗುಂಡು ಬದನೆಕಾಯಿ ಹಿಡಿದುಕೊಂಡು ಬಂದು, "ನಿನ್ನ ಪೆಟ್ಟಿಗೆಯಲ್ಲಿ ಇದನ್ನು ಸುಡಲು ಆಗುತ್ತದೇನೋ?" ಎಂದಳು. ಚಾಕುವಿನಲ್ಲಿ ನಾಲ್ಕು ಕಡೆ ಚುಚ್ಚಿ, ಎಣ್ಣೆ ಸವರಿ 220ರಲ್ಲಿ ಅರ್ಧ ಗಂಟೆ ಇಟ್ಟೆ. ಸಿಪ್ಪೆ ಸುಕ್ಕಾಗಿ ಕುಸಿದು, ಒಳಗೆ ಬೆಣ್ಣೆಯಾಗಿತ್ತು. ಗೊಜ್ಜು ಮಾಡಿ ರುಚಿ ನೋಡಿ ಅಮ್ಮ ಹೇಳಿದಳು, "ಚೆನ್ನಾಗಿ ಬೆಂದಿದೆ. ಸುಟ್ಟಿಲ್ಲ." ಸರಿಯೇ. ಹೊಗೆಯಿಲ್ಲ. ಕರಟದ ಒಂದು ಚೂರನ್ನು ಗ್ಯಾಸಿನ ಮೇಲೆ ಕೆಂಡ ಮಾಡಿ, ಪುಟ್ಟ ಬಟ್ಟಲಲ್ಲಿ ಗೊಜ್ಜಿನ ನಡುವೆ ಇಟ್ಟು, ಮೇಲೆ ತುಪ್ಪದ ಹನಿ ಬಿಟ್ಟು ಮುಚ್ಚಿದೆ. ಐದು ನಿಮಿಷದ ಮೇಲೆ ಮುಚ್ಚಳ ತೆಗೆದಾಗ ಅಮ್ಮ ಅಡುಗೆಮನೆಯಲ್ಲಿ ಇರಲಿಲ್ಲ. ಚನ್ನರಾಯಪಟ್ಟಣದ ಹತ್ತಿರದ ನಮ್ಮ ಊರಿನ ಬಚ್ಚಲಿನಲ್ಲಿದ್ದಳು.

ಬಚ್ಚಲೊಲೆಯನ್ನು ಈಗಿನವರು ನೋಡಿರಲಿಕ್ಕಿಲ್ಲ. ಗೋಡೆಗೆ ಹೂತು ಕೂರಿಸಿದ ತಾಮ್ರದ ಹಂಡೆ, ಕೆಳಗೆ ಉದ್ದನೆಯ ಬಾಯಿಯ ಒಲೆ. ತೆಂಗಿನ ಮಟ್ಟೆ, ಗರಿ, ಕರಟ ತುರುಕಿ ಬೆಳಿಗ್ಗೆ ಐದಕ್ಕೆ ಉರಿ ಹಚ್ಚಿದರೆ ಮನೆಮಂದಿಯ ಸ್ನಾನ ಮುಗಿಯುವ ಹೊತ್ತಿಗೆ ಉರಿ ಇಳಿದು, ಬೂದಿಯ ಕೆಳಗೆ ಕೆಂಡ ಮಿನುಗುತ್ತಿರುತ್ತಿತ್ತು. ಆ ಬೂದಿಯಲ್ಲಿ ಹೂತದ್ದು ಏನೇ ಇರಲಿ ಅದಕ್ಕೆ ಬೇರೆ ರುಚಿ. ಗೆಣಸು, ಬದನೆಕಾಯಿ, ಹಸಿ ಗೋಡಂಬಿ, ಅದಿಲ್ಲದಿದ್ದರೆ ಹಲಸಿನ ಬೀಜ. ಹಲಸಿನ ಬೀಜದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಈ ಬೇಸಿಗೆಯಲ್ಲಿ ಅದನ್ನೂ ಓವನ್ನಿಗೆ ಹಾಕಿದೆ. ಪ್ರತಿಯೊಂದರ ತಲೆ ಸೀಳಿಡು ಎಂದು ಅಮ್ಮ ಹೇಳಿದ್ದಳು. ಎರಡನ್ನು ಮರೆತಿದ್ದೆ. ಒಂದು ಪಟಾಕಿಯಂತೆ ಸಿಡಿದು ಗಾಜಿಗೆ ಹಿಟ್ಟು ಬಳಿಯಿತು, ಇನ್ನೊಂದಕ್ಕಾಗಿ ನಾವು ಮೂವರೂ ಅಡುಗೆಮನೆಯ ಬಾಗಿಲಾಚೆ ನಿಂತು ಕಾದೆವು. ಅದು ಸಿಡಿಯಲಿಲ್ಲ. ಕಾಯಿಲಿಗೆ ಅಂಟಿದ್ದನ್ನು ತೆಗೆಯಲು, ಯಂತ್ರ ಪೂರ್ತಿ ಆರಿದ ಮೇಲೆ, ಅಡುಗೆ ಸೋಡವನ್ನು ನೀರಿನಲ್ಲಿ ಕಲಸಿ ಗೋಡೆಗಳಿಗೆ ಮಾತ್ರ ಸವರಿ, ಕಾಯಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದರಲ್ಲಿ ಒಂದು ಭಾನುವಾರ ಹೋಯಿತು. ಓವನ್ ಜಾತಿಯದ್ದರ ದೊಡ್ಡ ಕಷ್ಟ ಇದೇ. ಬುಟ್ಟಿಯನ್ನು ತೊಟ್ಟಿಯಲ್ಲಿ ತೊಳೆಯಬಹುದು, ಪೆಟ್ಟಿಗೆಯನ್ನು ತೊಳೆಯಲಾಗುವುದಿಲ್ಲ.

ಗೆಣಸಿಗೆ ಬರುತ್ತೇನೆ. ಸಂಕ್ರಾಂತಿಯ ಹಿಂದುಮುಂದು, ಮಾರುಕಟ್ಟೆಯಲ್ಲಿ ಅವರೆಕಾಯಿಯ ಪಕ್ಕದಲ್ಲಿ ಮಣ್ಣು ಮೆತ್ತಿದ ಕೆಂಪು ಗೆಣಸಿನ ರಾಶಿ. ಮೊದಲ ಸಲ 200 ಡಿಗ್ರಿ, 35 ನಿಮಿಷ. ಬೆಂದಿತ್ತು. ಅಮ್ಮ ಅರ್ಧ ತಿಂದು, "ಕುಕ್ಕರಿನಲ್ಲಿ ಕೂಗಿಸಿದ ಹಾಗಿದೆ" ಎಂದು ಉಳಿದರ್ಧವನ್ನು ನನ್ನ ತಟ್ಟೆಗೆ ಹಾಕಿದಳು. ಹಿಟ್ಟು ಹಿಟ್ಟು, ಸಿಹಿಯಿಲ್ಲ.

ಗೆಣಸಿನ ಸಿಹಿ ಗೆಣಸಿನಲ್ಲಿ ಪೂರ್ತಿ ಸಿದ್ಧವಾಗಿ ಇರುವುದಿಲ್ಲ ಎಂದು ಆಮೇಲೆ ತಿಳಿದುಕೊಂಡೆ. ಅದರೊಳಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಒಂದು ಕಿಣ್ವವಿದೆ. ಅದು ಚುರುಕಾಗಿ ದುಡಿಯುವುದು ಗೆಡ್ಡೆಯ ಒಳಗು ಸುಮಾರು 60ರಿಂದ 75 ಡಿಗ್ರಿಯ ನಡುವೆ ಇರುವಾಗ. ಅದಕ್ಕಿಂತ ಬಿಸಿಯಾದರೆ ಕಿಣ್ವ ಸತ್ತುಹೋಗುತ್ತದೆ. ಕುಕ್ಕರು ಆ ಮೆಟ್ಟಿಲನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ, 200 ಡಿಗ್ರಿಯ ಬಿಸಿಗಾಳಿಯೂ ಅಷ್ಟೆ. ಆರುತ್ತಾ ಬಂದ ಬಚ್ಚಲೊಲೆಯ ಬೂದಿಗೆ ಅವಸರವಿರಲಿಲ್ಲ. ಹಂಡೆಯ ಕೆಳಗೆ ಹೂತು ಮರೆತ ಗೆಣಸು ಆ ಮೆಟ್ಟಿಲ ಮೇಲೆ ಬೇಕಾದಷ್ಟು ಹೊತ್ತು ಕುಳಿತು ಸಿಹಿಯಾಗುತ್ತಿತ್ತು.

ಮರುದಿನ ಮಧ್ಯಮ ಗಾತ್ರದ ನಾಲ್ಕು ಗೆಣಸು ಆರಿಸಿ, ತೊಳೆದು, ಸಿಪ್ಪೆ ಸಮೇತ ಒಳಗಿಟ್ಟೆ. ಏರ್ ಫ್ರೈಯ ಗುಂಡಿ ಮುಟ್ಟಲಿಲ್ಲ. ಫ್ಯಾನು ಆರಿಸಿ, ಮೇಲೆ ಕೆಳಗೆ ಎರಡೂ ಕಾಯಿಲು ಹಚ್ಚಿ, 120ಕ್ಕೆ 40 ನಿಮಿಷ, ಆಮೇಲೆ 170ಕ್ಕೆ ಏರಿಸಿ ಇನ್ನೊಂದು 40. ಹದಿನಾರು ಸಾವಿರದ ಯಂತ್ರದ ಅತಿ ಹಳೆಯ ಗುಂಡಿ. ಅಮ್ಮ ಕುರ್ಚಿ ಎಳೆದುಕೊಂಡು ಗಾಜಿನ ಮುಂದೆ ಕುಳಿತಳು. ಒಳಗೆ ಹಳದಿ ದೀಪ, ಕೆಂಪು ಕಾಯಿಲು, ನಾಲ್ಕು ಗೆಣಸು. ಒಂದು ಗಂಟೆ ದಾಟಿದ ಮೇಲೆ ಒಂದರ ತುದಿಯಲ್ಲಿ ಸಿಪ್ಪೆ ಸೀಳಿ, ಕಂದು ಪಾಕ ಜಿನುಗಿ, ತಟ್ಟೆಯ ಮೇಲೆ ಹನಿಯಾಗಿ ಬಿದ್ದು ಚುರ್ ಎಂದಿತು. ಅಮ್ಮ ನನ್ನ ಕೈ ತಟ್ಟಿ ಅದನ್ನು ತೋರಿಸಿದಳು. ಅವಳೂ ಅದಕ್ಕೇ ಕಾಯುತ್ತಿದ್ದಳು.

ಮುರಿದಾಗ ಹಬೆ ಎದ್ದಿತು. ಒಳಗು ತೇವವಾಗಿ, ಸಿಪ್ಪೆಯ ಹತ್ತಿರ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಕೈಯಿಂದ ಕೈಗೆ ಬದಲಿಸುತ್ತಾ, ಊದುತ್ತಾ ಅಮ್ಮ ಒಂದನ್ನು ಪೂರ್ತಿ ತಿಂದಳು. ಇನ್ನೊಂದಕ್ಕೆ ಕೈ ಹಾಕಿದಳು. ನಾನು ಮೀಟರಿನ ಹತ್ತಿರ ಹೋಗಿ ಬಂದು, ಒಂದು ಯೂನಿಟ್ಟಿಗೆ ಸ್ವಲ್ಪ ಕಡಿಮೆ ಆಯಿತು, ಐದಾರು ರೂಪಾಯಿಯ ಒಳಗೇ ಮುಗಿಯಿತು ಎಂದು ಹೆಮ್ಮೆಯಿಂದ ಹೇಳಿದೆ.

ಅಮ್ಮ ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಸರಿಸಿ, ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಆಡಿಸಿ ಕಾವು ನೋಡಿದಳು.

"ಇಷ್ಟು ಹೊತ್ತು ಉರಿಯಿತಲ್ಲೋ," ಎಂದಳು, "ಒಂದು ಚೊಂಬು ನೀರನ್ನಾದರೂ ಕಾಯಿಸಿಕೊಡಬಾರದಿತ್ತೆ?"